ಕೊಟ್ಟಿಗೆಯಲ್ಲಿ ದೊರೆತ ಜಾವಾ

ಮನುಷ್ಯನನ್ನು ಹಿಡಿಯುವ ಹುಚ್ಚುಗಳಲ್ಲಿ ಹಳೆಯ ವಾಹನವನ್ನು ಕೊಂಡು ಹೊಸದು ಮಾಡುವ ಹುಚ್ಚು ಬಹಳ ಸಭ್ಯವಾದದ್ದು. ಜೂಜಿನಂತೆ ಅದು ಸಂಸಾರವನ್ನು ಒಂದೇ ರಾತ್ರಿಯಲ್ಲಿ ಮುಳುಗಿಸುವುದಿಲ್ಲ. ಸಾವಕಾಶವಾಗಿ, ರಶೀದಿ ಸಹಿತವಾಗಿ ಮುಳುಗಿಸುತ್ತದೆ. ಇಂಗ್ಲೆಂಡಿನಲ್ಲಿ ಈ ಹುಚ್ಚಿಗೆ ಒಳಗಾದ ತರುಣನು ಹಳ್ಳಿಗಾಡಿನ ಹುಲ್ಲುಮನೆಗಳಲ್ಲಿ ಹುಡುಕಾಡಿ, ಎರಡೇ ಆಸನಗಳುಳ್ಳ, ಮೇಲುಹೊದಿಕೆ ಮಡಿಚುವ ಎಂ.ಜಿ. ಕಾರನ್ನೋ ಟ್ರಯಂಫ್ ಕಾರನ್ನೋ ಹೊರಗೆಳೆದು ತರುತ್ತಾನೆ. ಮಂಡ್ಯದ ಸೀಮೆಯಲ್ಲಿ ಅಂತಹ ಕಾರುಗಳು ಎಲ್ಲಿಂದ ಬರಬೇಕು? ಇಲ್ಲಿಯ ತರುಣನು ಕೊಟ್ಟಿಗೆಗಳಲ್ಲಿ ಇಣುಕಿದರೆ, ಹಸುವಿನ ಗೊಂತಿನ ಪಕ್ಕದಲ್ಲಿ ಗೋಡೆಗೊರಗಿ, ಗೋಣಿತಾಟು ಹೊದ್ದು ನಿಂತಿರುವ ಒಂದು ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ ಅವನ ಕಣ್ಣಿಗೆ ಬೀಳುತ್ತದೆ. ಗಾಲಿಗಳು ನಾಲ್ಕರ ಬದಲು ಎರಡು. ಹುಚ್ಚು ಮಾತ್ರ ಅದೇ. ಹೊಸಬನು ಮಾಡುವ ತಪ್ಪುಗಳೂ ಅವೇ.

ಈ ಗಾಡಿಗಳು ಈ ಸೀಮೆಗೆ ದೂರದಿಂದ ಬಂದವಲ್ಲ. ಇವುಗಳ ಮೂಲಪುರುಷ ಪ್ರಾಗ್ ನಗರದ ಯಾನೆಚೆಕ್ ಎಂಬ ಉದ್ಯಮಿ. ಆತ ೧೯೨೯ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ ತಯಾರಿಸುವ ಹಕ್ಕನ್ನು ಪಡೆದು, ಎರಡು ಹೆಸರುಗಳ ಮೊದಲಕ್ಷರಗಳನ್ನು ಬೆಸೆದು ತನ್ನ ಗಾಡಿಗೆ ನಾಮಕರಣ ಮಾಡಿದ. ಚೆಕ್ಕರ ನಾಲಗೆಯಲ್ಲಿ ಅದು 'ಯಾವಾ'. ಮಂಡ್ಯದ ನಾಲಗೆಯಲ್ಲಿ ಜಾವಾ. ಇರಾನಿ ಕುಟುಂಬದವರು ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆಯು ೧೯೬೧ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಈ ಗಾಡಿಯನ್ನು ತಯಾರಿಸಲಾರಂಭಿಸಿತು. ೧೯೭೩ರಿಂದ ಅದೇ ಕಾರ್ಖಾನೆಯ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. ೧೯೭೮ರಲ್ಲಿ ರೋಡ್‌ಕಿಂಗ್ ಬಂತು. ೧೯೯೬ರಲ್ಲಿ ಕಾರ್ಖಾನೆಯ ಬಾಗಿಲು ಮುಚ್ಚಿತು. ೨೦೧೮ರಲ್ಲಿ ಜಾವಾ ಎಂಬ ಹೆಸರೂ ೨೦೨೨ರಲ್ಲಿ ಯೆಜ್ಡಿ ಎಂಬ ಹೆಸರೂ ಮತ್ತೆ ಬೀದಿಗೆ ಬಂದಿವೆಯಾದರೂ, ಆ ಹೊಸ ಗಾಡಿಗಳ ಇಂಜಿನ್ನಿನ ಜಾತಿಯೇ ಬೇರೆ. ಹೊಸ ಜಾವಾದ ಬಿಡಿಭಾಗವನ್ನು ಹಳೆಯ ಜಾವಾಕ್ಕೆ ತೊಡಿಸಬಹುದೆಂದು ನಂಬಿದ ಹೊಸಬರೂ ಇಲ್ಲದೆ ಇಲ್ಲ.

ಮೈಸೂರಿನಿಂದ ಮಂಡ್ಯಕ್ಕೆ ಸುಮಾರು ೪೫ ಕಿಲೋಮೀಟರು. ಆ ಕಾಲದಲ್ಲಿ ಸಕ್ಕರೆ ಕಾರ್ಖಾನೆಯ ಕಬ್ಬಿನ ವಿಭಾಗದ ನೌಕರರು, ಶಾಲೆಯ ಮೇಷ್ಟರುಗಳು, ನಾಲ್ಕು ಕಾಸು ಕಂಡ ರೈತರು, ಹೊಸ ಅಳಿಯಂದಿರು, ಎಲ್ಲರಿಗೂ ಅದು ಪಕ್ಕದ ಊರಿನ ಗಾಡಿ. ನಾಲೆಯ ಏರಿಯ ಮೇಲೆ, ಕಬ್ಬಿನ ಗದ್ದೆಗಳ ನಡುವಿನ ಬಂಡಿಜಾಡಿನಲ್ಲಿ ಅದು ಓಡಿತು; ಬೆನ್ನಿಗೆ ಬೆಲ್ಲದ ಪಿಂಡಿಯನ್ನೂ ಹೊತ್ತಿತು, ಹೆರಿಗೆ ನೋವು ತಿನ್ನುವ ಹೆಂಗಸನ್ನೂ ಹೊತ್ತಿತು. ಒಂದೇ ಸಿಲಿಂಡರ್, ಎರಡು ಸೈಲೆನ್ಸರ್. ಕಿಕ್ ಹೊಡೆಯುವ ಸನ್ನೆಯೇ ಗೇರ್ ಹಾಕುವ ಸನ್ನೆ. ಎಡಗಾಲಿನ ಬಳಿಯ ಆ ಸನ್ನೆಯನ್ನು ಒಳಕ್ಕೊತ್ತಿ ಹಿಂದಕ್ಕೆ ತಿರುಗಿಸಿದರೆ ಅದು ಕಿಕ್. ಮುಂದಕ್ಕೆ ಬಿಟ್ಟರೆ ಗೇರ್. ಅದನ್ನು ಕಾಲಿನಿಂದ ಒತ್ತಿದಾಗಲೇ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಉಂಟು. ಇಷ್ಟು ಜಾಣತನವನ್ನು ಇಷ್ಟು ಸ್ವಲ್ಪ ಕಬ್ಬಿಣದಲ್ಲಿ ಅಡಗಿಸಿದ ಯಂತ್ರಗಳು ಅಪರೂಪ. ಹುಚ್ಚು ಹಿಡಿಯುವುದರಲ್ಲಿ ಆಶ್ಚರ್ಯವೇನೂ ಇಲ್ಲ.

ಹುಚ್ಚು ಹಿಡಿದ ಮೇಲೆ ಹೊಸಬನ ಎದುರಿಗೆ ಬರುವ ಗಾಡಿಗಳು ಮೂರು ಬಗೆ. ಮೊದಲನೆಯದು ಮಿರಮಿರನೆ ಮಿನುಗುವ ಗಾಡಿ; ಅದರ ಬಣ್ಣದ ಕೆಳಗೆ ಏನಿದೆಯೆಂಬುದು ಮಾರುವವನಿಗೂ ದೇವರಿಗೂ ಗೊತ್ತು. ಎರಡನೆಯದು ಧೂಳು ಹಿಡಿದು, ಆದರೆ ಇಡಿಯಾಗಿ ನಿಂತಿರುವ ಗಾಡಿ. ಮೂರನೆಯದು ಮೂಟೆಯ ಗಾಡಿ. ಎಂದೋ ಯಾರೋ ಉತ್ಸಾಹದಿಂದ ಬಿಚ್ಚಿ, ಉತ್ಸಾಹ ಇಳಿದ ಮೇಲೆ ಎರಡು ಗೋಣಿಚೀಲಗಳಿಗೆ ತುಂಬಿಟ್ಟದ್ದು. "ಸಾಮಾನೆಲ್ಲ ಅದರಲ್ಲೇ ಇದೆ" ಎಂದು ಮಾರುವವನು ಆಣೆಯಿಟ್ಟು ಹೇಳುತ್ತಾನೆ. ಹೊಸಬನ ಮನಸ್ಸು ಮೂಟೆಯ ಕಡೆಗೇ ಓಡುತ್ತದೆ, ಏಕೆಂದರೆ ಅದರ ಬೆಲೆ ಕಡಿಮೆ. ಆದರೆ ಮೂರರಲ್ಲಿ ಅತ್ಯಂತ ದುಬಾರಿಯಾದದ್ದು ಅದೇ. ಮೂಟೆಯಲ್ಲಿ ಇಲ್ಲದ ಹತ್ತು ಸಣ್ಣ ಸಾಮಾನುಗಳು ಯಾವುವೆಂದು ತಿಳಿಯುವುದಕ್ಕೇ ಒಂದು ವರ್ಷ ಬೇಕು. ಅವನ್ನು ಹುಡುಕುವುದಕ್ಕೆ ಇನ್ನೆರಡು. ಇಡಿಯಾಗಿ ನಿಂತಿರುವ ಗಾಡಿಯಾದರೋ ತನ್ನಲ್ಲಿ ಏನಿಲ್ಲವೆಂಬುದನ್ನು ತಾನೇ ತೋರಿಸುತ್ತದೆ.

ಮಂಡ್ಯದ ಬ್ಯಾಂಕೊಂದರಲ್ಲಿ ಗುಮಾಸ್ತನಾಗಿದ್ದ ತರುಣನೊಬ್ಬನಿಗೆ ಎರಡನೆಯ ಬಗೆಯ ಗಾಡಿಯ ಸುಳಿವು ಸಿಕ್ಕಿತು. ಮಳವಳ್ಳಿಯಿಂದ ಆಚೆಗೆ ಒಂದು ಹಳ್ಳಿ, ೧೯೭೧ರ ಜಾವಾ, ಒಡೆಯರು ತೀರಿಕೊಂಡು ಹದಿನಾಲ್ಕು ವರ್ಷ. ತರುಣನು ಬುದ್ಧಿವಂತಿಕೆಯ ಒಂದು ಕೆಲಸ ಮಾಡಿದ. ತಾನೊಬ್ಬನೇ ಹೋಗದೆ, ಮದ್ದೂರಿನ ಹಳೆಯ ಮೆಕ್ಯಾನಿಕ್ ಒಬ್ಬರನ್ನು ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಂಡು ಹೋದ. ಪ್ರಾಯದಲ್ಲಿ ಮೈಸೂರಿಗೆ ಹೋಗಿ ಕೈಕೆಲಸ ಕಲಿತು ಬಂದ ಅರವತ್ತೈದರ ಮುದುಕ ಅವರು. ಹಳೆಯ ಗಾಡಿಯನ್ನು ನೋಡಹೋಗುವ ಹೊಸಬನು ಬೇರಾವುದಕ್ಕೆ ಜಿಪುಣತನ ತೋರಿದರೂ ಈ ದಿನಗೂಲಿಗೆ ತೋರಬಾರದು.

ಕೊಟ್ಟಿಗೆಗೆ ಹೋದೊಡನೆ ಮೆಕ್ಯಾನಿಕ್ ಇಂಜಿನ್ನಿನ ಕಡೆಗೆ ಕಣ್ಣೆತ್ತಿಯೂ ನೋಡಲಿಲ್ಲ. ಜೇಬಿನಿಂದ ಒಂದು ಅಯಸ್ಕಾಂತದ ಚೂರನ್ನು ತೆಗೆದು ಟ್ಯಾಂಕಿಗೆ, ಮಡ್‌ಗಾರ್ಡುಗಳಿಗೆ ಒತ್ತುತ್ತ ಬಂದರು. ಕಬ್ಬಿಣವಿದ್ದಲ್ಲಿ ಅದು ಅಂಟಿತು. ಹಿಂದಿನ ಮಡ್‌ಗಾರ್ಡಿನ ಒಂದು ಕಡೆ ಜಾರಿ ಬಿತ್ತು. ಅಲ್ಲಿ ತಗಡು ಕೊಳೆತು, ಮೇಲೆ ಪುಟ್ಟಿ ಮೆತ್ತಿ ಬಣ್ಣ ಬಳಿದಿತ್ತು. ಬಳಿಕ ಗಾಲಿಯ ರಿಮ್ಮುಗಳನ್ನೂ ಕಡ್ಡಿಗಳ ಬುಡವನ್ನೂ ಉಗುರಿನಿಂದ ಕೆರೆದು ನೋಡಿದರು. ಕಡಲ ತೀರದಲ್ಲಿ ಗಾಡಿಗೆ ಉಪ್ಪುಗಾಳಿ ಶತ್ರುವಾದರೆ, ಈ ಸೀಮೆಯಲ್ಲಿ ಶತ್ರು ದನದ ಗಂಜಳ. ಕೊಟ್ಟಿಗೆಯಲ್ಲಿ ಹತ್ತು ವರ್ಷ ನಿಂತ ಗಾಡಿಯ ಮೇಲ್ಭಾಗ ಸೊಗಸಾಗಿದ್ದು, ನೆಲದಿಂದ ಒಂದು ಅಡಿಯವರೆಗೆ ಕ್ರೋಮ್ ಪದರ ಎದ್ದು, ಸೈಲೆನ್ಸರಿನ ಕೆಳಮೈ ಜರಡಿಯಾಗಿರುವುದು ಸಾಮಾನ್ಯ. ಆಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಟಾರ್ಚು ಬಿಟ್ಟರು. ಒಳಗೆ ಕೆಂಪು ತುಕ್ಕು, ತೂತಿಲ್ಲ.

ಹೊಸಬರು ಇಂಜಿನ್ನಿಗೆ ಹೆದರುತ್ತಾರೆ, ತಗಡಿಗೆ ಹೆದರುವುದಿಲ್ಲ. ಇದು ತಲೆಕೆಳಗಾದ ಭಯ. ಇಂಗ್ಲೆಂಡಿನ ಎಂ.ಜಿ. ಕಾರನ್ನು ಕೊಳ್ಳುವವರಿಗೂ ಅಲ್ಲಿಯ ಅನುಭವಸ್ಥರು ಹೇಳುವ ಮಾತು ಇದೇ: ಇಂಜಿನ್ನು ಕೆಟ್ಟಿದ್ದರೆ ರಿಪೇರಿ ಉಂಟು, ಮೈ ಕೊಳೆತಿದ್ದರೆ ಖಜಾನೆ ಬೇಕು. ಜಾವಾದ ಪಿಸ್ಟನ್ನು, ಉಂಗುರ, ಬೇರಿಂಗು, ಕ್ಲಚ್ಚಿನ ತಟ್ಟೆಗಳು ಇಂದಿಗೂ ದೊರೆಯುತ್ತವೆ. ಸಿಲಿಂಡರನ್ನು ಬೋರು ಮಾಡಿಸಬಹುದು. ಕ್ರ್ಯಾಂಕನ್ನು ಬಿಚ್ಚಿ ಹೊಸ ರಾಡು ಕೂರಿಸಿ ಮತ್ತೆ ಒತ್ತಿಕೊಡುವ ಕುಶಲಿಗಳು ಇದ್ದಾರೆ. ಆದರೆ ಮೂಲ ಟ್ಯಾಂಕು, ದೀಪದ ಬುರುಡೆ, ಹಿಂದಿನ ಚೈನನ್ನು ಪೂರ್ತಿಯಾಗಿ ಮುಚ್ಚುವ ಆ ತಗಡಿನ ಪೆಟ್ಟಿಗೆ, ಇವುಗಳನ್ನು ಕಳೆದುಕೊಂಡ ಗಾಡಿಗೆ ಅವನ್ನು ತಂದು ಕೂಡಿಸುವುದು ಜಾತಕ ಕೂಡಿಸಿದಷ್ಟು ಕಷ್ಟ. ಈಚೆಗೆ ಅಚ್ಚು ಹಾಕಿ ಮಾಡುವ ನಕಲಿ ತಗಡುಗಳೂ ಸಿಗುತ್ತವೆ. ಅವುಗಳಲ್ಲಿ ಕೆಲವು ಚೆನ್ನ. ಹಲವು ತೆಳ್ಳಗೆ, ತೂತುಗಳು ಒಂದಕ್ಕೊಂದು ಕೂಡದಂಥವು.

ಕೊನೆಗೆ ಮೆಕ್ಯಾನಿಕ್ ಇಂಜಿನ್ನಿಗೆ ಬಂದರು. ಕಿಕ್ಕನ್ನು ಕೈಯಿಂದ ಒತ್ತಿದರೆ ಅದು ಅಲುಗಲಿಲ್ಲ. ತರುಣನು ಕಾಲೆತ್ತಿ ಒದೆಯಲು ಮುಂದಾದಾಗ ಅವರು ತೋಳು ಹಿಡಿದು ತಡೆದರು. ನಿಂತು ಬಿಗಿದ ಇಂಜಿನ್ನನ್ನು ಒದ್ದರೆ ಮುರಿಯುವುದು ಬಿಗಿದದ್ದಲ್ಲ, ನೆಟ್ಟಗಿದ್ದದ್ದು. ಪ್ಲಗ್ಗನ್ನು ಬಿಚ್ಚಿ, ಆ ರಂಧ್ರದಲ್ಲಿ ಒಂದಿಷ್ಟು ಡೀಸೆಲ್ ಎಣ್ಣೆ ಹೊಯ್ದು, ಪ್ಲಗ್ಗನ್ನು ಮತ್ತೆ ಮುಚ್ಚಿದರು. "ಮೂರು ದಿವ್ಸ ಬುಟ್ಟು ಬರಾನ ಕಣಪ್ಪ. ಅದುಕ್ಕೆ ಅರ್ಜೆಂಟಿಲ್ಲ, ನಿಂಗ್ಯಾಕೆ?" ಎಂದರು.

ಮೂರು ದಿನ ಬಿಟ್ಟು ಹೋದಾಗ ಕಿಕ್ಕು ನಿಧಾನವಾಗಿ ಇಳಿಯಿತು. ಇಳಿಯುವಾಗ ಮಧ್ಯದಲ್ಲಿ ತಡೆದು ನಿಂತು, ಕೈಗೆ ಎದುರೊತ್ತು ಕೊಟ್ಟಿತು. ಆ ಎದುರೊತ್ತೇ ಸಿಲಿಂಡರಿನ ಆರೋಗ್ಯದ ಮೊದಲ ಲಕ್ಷಣ. ಹೊಸ ಪೆಟ್ರೋಲು, ಲೀಟರಿಗೆ ಸುಮಾರು ೪೦ ಮಿಲಿಲೀಟರಿನಂತೆ ಬೆರೆಸಿದ ಎಣ್ಣೆ, ಹೊಸ ಪ್ಲಗ್ಗು, ಎರವಲು ಬ್ಯಾಟರಿ. ಇಪ್ಪತ್ತನೆಯ ಒದೆಗೆ ಇಂಜಿನ್ನು ಕೆಮ್ಮಿತು, ಮೂವತ್ತನೆಯದಕ್ಕೆ ಮಾತಾಡಿತು. ಮೊದಲು ಬರುವ ಹೊಗೆಗೆ ಬೆಲೆಯಿಲ್ಲ. ಅದು ಹಳೆಯ ಎಣ್ಣೆಯ ಹೊಗೆ. ಇಂಜಿನ್ನು ಕಾದ ಮೇಲೂ ಬಿಳಿಹೊಗೆ ಬಿಡದೆ ಬರುತ್ತಿದ್ದು, ಗೇರುಪೆಟ್ಟಿಗೆಯ ಎಣ್ಣೆ ತಾನಾಗಿ ಇಳಿಯುತ್ತಿದ್ದರೆ, ಎಡಗಡೆಯ ರಬ್ಬರ್ ಸೀಲು ಸೋತು ಆ ಎಣ್ಣೆ ಇಂಜಿನ್ನಿನೊಳಕ್ಕೆ ಎಳೆದುಕೊಳ್ಳುತ್ತಿದೆಯೆಂದು ತಿಳಿಯಬೇಕು. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ನಿನ ವೇಗ ತಾನಾಗಿ ಏರಿದರೆ, ಬಲಗಡೆಯ ಸೀಲಿನಿಂದ ಗಾಳಿ ನುಗ್ಗುತ್ತಿರುವ ಸಂಭವವುಂಟು. ಎರಡನೆಯದು ಹೆಚ್ಚು ಅಪಾಯದ್ದು. ಎಣ್ಣೆ ಬೆರೆತ ಪೆಟ್ರೋಲು ಸಾಲದೆ ಪಿಸ್ಟನ್ನು ಸುಡುತ್ತದೆ. ಸೀಲುಗಳಿಗೆ ಬೆಲೆ ಅಲ್ಪ, ಅವನ್ನು ಹಾಕುವ ಕೆಲಸ ದೊಡ್ಡದು. ಗಾಡಿಯನ್ನು ಕೊಂಡು ತಂದ ಮೊದಲ ವಾರವೇ ಇಂಜಿನ್ ಬಿಚ್ಚುವ ಹೊಸಬರು, ಇಂತಹ ಲಕ್ಷಣಗಳನ್ನು ಓದುವ ಅವಕಾಶವನ್ನೇ ಕಳೆದುಕೊಳ್ಳುತ್ತಾರೆ. ಸುರಕ್ಷಿತವಾಗಿ ಓಡುವ ಗಾಡಿಯನ್ನು ಕೆಲವು ಕಾಲ ಹಾಗೆಯೇ ಓಡಿಸಿ ನೋಡಿದರೆ, ಏನು ಬಿಚ್ಚಬೇಕೆಂಬುದನ್ನು ಅದೇ ಹೇಳುತ್ತದೆ.

ಆದರೆ ಆ ಜಾವಾದ ನಿಜವಾದ ಪರೀಕ್ಷೆ ಕೊಟ್ಟಿಗೆಯಲ್ಲಿ ನಡೆಯಲಿಲ್ಲ, ಜಗಲಿಯ ಮೇಲೆ ನಡೆಯಿತು.

ಮನೆಯ ಅಜ್ಜಿ ಮಜ್ಜಿಗೆ ಕೊಟ್ಟು ಕುಳಿತರು. ಅವರ ಯಜಮಾನರು ಸಕ್ಕರೆ ಕಾರ್ಖಾನೆಗೆ ಕಬ್ಬು ನೋಡುವ ಕೆಲಸದಲ್ಲಿದ್ದವರು. ಗದ್ದೆಯಿಂದ ಗದ್ದೆಗೆ ಆ ಗಾಡಿಯಲ್ಲೇ ತಿರುಗಿದವರು. ಬೆಲೆಯ ಮಾತು ಬಂದಾಗ ಅಜ್ಜಿ, "ಗುಜ್ರಿಯವ್ನು ನಾಕು ಸಾವ್ರ ಕೊಡ್ತೀನಿ ಅಂದಿದ್ದ. ನೀನು ಐದು ಕೊಟ್ಟು ತಕ್ಕೊಂಡೋಗು ಮಗಾ. ಒಡೆದಾಕೋರಿಗೆ ಕೊಡೋಕೆ ಮನ್ಸಿಲ್ಲ" ಎಂದರು. ತರುಣನ ಜೇಬಿನಲ್ಲಿ ಐದರ ಹತ್ತು ಪಟ್ಟು ಹಣವಿತ್ತು. ಅವನ ಕೈ ಜೇಬಿನ ಕಡೆಗೆ ಹೋಗುತ್ತಿದ್ದಂತೆಯೇ ಮೆಕ್ಯಾನಿಕ್ ಲೋಟ ಕೆಳಗಿಟ್ಟರು. "ತಾಯೀ, ತಪ್ಪು ತಿಳೀಬ್ಯಾಡಿ. ಇದ್ರ ಟ್ಯಾಂಕು, ದೀಪದ ಬುರುಡೆ ಎರಡ್ನೇ ಬಿಚ್ಚಿ ಮಾರುದ್ರೂ ಅದಕ್ಕಿಂತ ಜಾಸ್ತಿ ಬತ್ತದೆ. ಮಗನ್ನ ಕೇಳ್ಬುಟ್ಟು ಬೆಲೆ ಹೇಳಿ" ಎಂದರು.

ದಾರಿಯುದ್ದಕ್ಕೂ ತರುಣನು ಮಾತಾಡಲಿಲ್ಲವಂತೆ. ಕೂಲಿ ಕೊಟ್ಟವನು ತಾನು. ಮಾತು ಆ ಕಡೆಗೆ! ಈ ಕೋಪ ಸಹಜವೇ. ವ್ಯಾಪಾರದಲ್ಲಿ ಬೆಲೆ ಅರಿಯದ ಮಾರುವವನು ಸಿಕ್ಕರೆ ಅದನ್ನು ಅದೃಷ್ಟವೆಂದು ಕರೆಯುವುದು ಲೋಕರೂಢಿ. ಹಳೆಯ ವಾಹನಗಳ ಹುಚ್ಚರ ಕೂಟಗಳಲ್ಲಿ ಇಂತಹ ಅದೃಷ್ಟದ ಕಥೆಗಳನ್ನು ಪದಕದಂತೆ ಎದೆಗೆ ತೂಗಿಕೊಂಡು ಹೇಳುವವರುಂಟು. ಮದ್ದೂರಿನಲ್ಲಿ ಇಳಿದು, ವಡೆ ಕಾಫಿಯ ಮುಂದೆ ಕುಳಿತ ಮೇಲೆ ಮುದುಕರು ತಮ್ಮ ಲೆಕ್ಕವನ್ನು ಬಿಡಿಸಿದರು. ಗಾಡಿಯ ಆರ್.ಸಿ. ಪುಸ್ತಕ ತೀರಿಕೊಂಡವರ ಹೆಸರಿನಲ್ಲಿದೆ. ಅಜ್ಜಿ ಒಬ್ಬರೇ ಕೊಡಲು ಅದು ಅಜ್ಜಿಯೊಬ್ಬರದೇ ಅಲ್ಲ. ಬೆಂಗಳೂರಿನಲ್ಲಿರುವ ಮಗ, ಕೊಳ್ಳೇಗಾಲಕ್ಕೆ ಕೊಟ್ಟ ಮಗಳು, ಇವರ ಒಪ್ಪಿಗೆಯೂ ಬೇಕು. ಈ ದಿನ ಐದು ಸಾವಿರಕ್ಕೆ ಎತ್ತಿಕೊಂಡು ಬಂದರೆ, ನಾಳೆ ಬೆಲೆ ತಿಳಿದ ಮಗ ರುಜು ಹಾಕುವನೇ? ರುಜು ಇಲ್ಲದ ಜಾವಾ ಎಂದರೆ ಪಡಸಾಲೆಯಲ್ಲಿ ನಿಲ್ಲಿಸಿಕೊಳ್ಳುವ ಬೊಂಬೆ. ಮುದುಕರ ಲೆಕ್ಕದಲ್ಲಿ ಧರ್ಮವೆಷ್ಟು, ವ್ಯವಹಾರವೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಬೇರ್ಪಡಿಸಬೇಕಾದ ಅಗತ್ಯವೂ ತೋರುವುದಿಲ್ಲ.

ಹೊಸಬರು ಬಹಳವಾಗಿ ಎಡವುವುದು ಈ ಕಾಗದಪತ್ರಗಳಲ್ಲಿ. ಒಡೆಯನು ತೀರಿಕೊಂಡಿದ್ದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಬರಬೇಕು. ಅದಕ್ಕೆ ಸಾರಿಗೆ ಇಲಾಖೆಯ ೩೧ನೆಯ ನಮೂನೆ, ಮರಣಪತ್ರ, ಉಳಿದ ವಾರಸುದಾರರ ಒಪ್ಪಿಗೆ. ಅನಂತರ ಅಲ್ಲಿಂದ ಕೊಳ್ಳುವವನ ಹೆಸರಿಗೆ ೨೯ ಮತ್ತು ೩೦ನೆಯ ನಮೂನೆಗಳು. ನೋಂದಣಿಯ ಮೊದಲ ಅವಧಿ ೧೫ ವರ್ಷ; ಆಮೇಲೆ ಐದೈದು ವರ್ಷಕ್ಕೆ ೨೫ನೆಯ ನಮೂನೆಯಲ್ಲಿ ನವೀಕರಣ. ನವೀಕರಣಕ್ಕೆ ಗಾಡಿಯನ್ನು ಇನ್ಸ್‌ಪೆಕ್ಟರ ಎದುರಿಗೆ ತಂದು ತೋರಿಸಬೇಕು. ಅಂದರೆ ಗಾಡಿ ಓಡುವ ಸ್ಥಿತಿಯಲ್ಲಿರಬೇಕು, ಆದರೆ ರಸ್ತೆಯಲ್ಲಿ ಓಡಬಾರದು. ಆದ್ದರಿಂದ ಟೆಂಪೋದ ಮೇಲೆ ಮೆರವಣಿಗೆ ಹೋಗಬೇಕು. ಬಹಳ ಹಳೆಯ ದಾಖಲೆಗಳು ಗಣಕಕ್ಕೆ ಏರಿರದ ಪಕ್ಷದಲ್ಲಿ ಕಚೇರಿಯ ಹಳೆಯ ಕಡತವನ್ನು ಹುಡುಕಿಸುವ ಕೆಲಸ ಬೇರೆ. ಇವೆಲ್ಲಕ್ಕೂ ಮುಂಚೆ ಮುಂಗಡ ಕೊಡುವ ಮೊದಲೇ ಮಾಡಬೇಕಾದದ್ದೊಂದುಂಟು: ಚಾಸಿಸ್ಸಿನ ಮೇಲೂ ಇಂಜಿನ್ನಿನ ಮೇಲೂ ಕೊರೆದಿರುವ ಸಂಖ್ಯೆಗಳ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜಿ ಅಚ್ಚು ತೆಗೆದು, ಪುಸ್ತಕದ ಸಂಖ್ಯೆಯೊಡನೆ ಹೋಲಿಸಿ ನೋಡುವುದು. ಎಂದೋ ಇಂಜಿನ್ನು ಬದಲಾಗಿದ್ದರೆ, ಅಥವಾ ಅಂಕಿಗಳ ಮೇಲೆ ಅರ ಆಡಿಸಿದ ಗುರುತಿದ್ದರೆ, ಗಾಡಿ ಎಷ್ಟೇ ಮುದ್ದಾಗಿರಲಿ, ಹೊಸಬನು ನಮಸ್ಕಾರ ಹೇಳಿ ಬರುವುದು ಲೇಸು.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗೆ ಕೇಂದ್ರ ಸರ್ಕಾರವು ೨೦೨೧ರಲ್ಲಿ 'ವಿಂಟೇಜ್' ಎಂಬ ಪ್ರತ್ಯೇಕ ನೋಂದಣಿಯ ನಿಯಮವನ್ನು ಪ್ರಕಟಿಸಿತು. ಹೊಸ ನೋಂದಣಿಗೆ ಶುಲ್ಕ ೨೦,೦೦೦ ರೂಪಾಯಿ. ಕೇಳಲು ಗೌರವದ ಮಾತು. ಆದರೆ ಹಾಗೆ ನೋಂದಾಯಿಸಿದ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ ಇಂತಹ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಸಂಜೆ ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ತವರಿಗೆ ಹೋಗಬೇಕೆನ್ನುವವನಿಗೆ ಸಾಮಾನ್ಯ ನವೀಕರಣವೇ ಕ್ಷೇಮ.

ಅಜ್ಜಿಯ ಮಗ ಬೆಂಗಳೂರಿನಿಂದ ಬಂದ, ವಿಚಾರಿಸಿದ, ಅರವತ್ತು ಕೇಳಿದ. ಮಾತು ೪೦,೦೦೦ಕ್ಕೆ ನಿಂತಿತು. ವಾರಸುದಾರರ ಕಾಗದಗಳು ಮುಗಿಯಲು ಏಳು ತಿಂಗಳು ಹಿಡಿಯಿತು. ಗಾಡಿಯನ್ನು ಟೆಂಪೋಕ್ಕೆ ಏರಿಸುವ ದಿನ, ಪಕ್ಕದ ಸಾಮಾನಿನ ಪೆಟ್ಟಿಗೆಯನ್ನು ತೆರೆದಾಗ ಸ್ಪ್ಯಾನರುಗಳ ಕೆಳಗೆ ಎಣ್ಣೆ ಹೀರಿದ ಒಂದು ಸಣ್ಣ ಪುಸ್ತಕವಿತ್ತು. ಯಾವ ಊರಿನ ಯಾರ ಗದ್ದೆಯಲ್ಲಿ ಎಷ್ಟು ಕಬ್ಬು, ಕಡಿಸುವುದು ಯಾವಾಗ ಎಂಬ ಲೆಕ್ಕ. ತರುಣನು ಅದನ್ನು ಅಜ್ಜಿಯ ಕೈಗೆ ಕೊಟ್ಟ. ಓದು ಬಾರದ ಅಜ್ಜಿ ಅದನ್ನು ತಿರುವಿ ನೋಡಿ ಸೆರಗಿಗೆ ಕಟ್ಟಿಕೊಂಡರು. ಸ್ಪ್ಯಾನರುಗಳನ್ನು ಮಗ ಕೇಳಿದ. ಮೆಕ್ಯಾನಿಕ್ ಕೊಡಬೇಡವೆಂದು ಕಣ್ಣಿನಲ್ಲೇ ಸನ್ನೆ ಮಾಡಿದರು, ಏಕೆಂದರೆ ಅವು ಗಾಡಿಯ ಜೊತೆಗೇ ಬಂದ ಮೂಲ ಸ್ಪ್ಯಾನರುಗಳು. ಧರ್ಮಕ್ಕೂ ಒಂದು ಮಿತಿಯುಂಟಷ್ಟೆ.

ನಲವತ್ತು ಸಾವಿರ ಕೊಟ್ಟ ಮೇಲೆ ತರುಣನ ಬಳಿ ಕ್ರೋಮಿಗೂ ಬಣ್ಣಕ್ಕೂ ಹಣ ಉಳಿಯಲಿಲ್ಲ. ಇದು ಒಳ್ಳೆಯದೇ ಆಯಿತೆನ್ನಬೇಕು. ಹಣವಿದ್ದ ಹೊಸಬರು ಮೊದಲು ಬಣ್ಣಕ್ಕೆ ಕೈ ಹಾಕಿ, ಬ್ರೇಕಿಗೆ ಕೊನೆಯಲ್ಲಿ ಬರುತ್ತಾರೆ. ಇವನು ಇದ್ದ ಹಣದಲ್ಲಿ ಎರಡು ಟೈರು, ಬ್ರೇಕಿನ ಲೈನಿಂಗು, ಎಲ್ಲ ಕೇಬಲ್ಲುಗಳು, ವೈರಿಂಗು, ಇಂಜಿನ್ನಿನ ಸೀಲುಗಳನ್ನು ಹಾಕಿಸಿ, ಕರಿ ಕಟ್ಟಿ ಉಸಿರುಗಟ್ಟಿದ್ದ ಸೈಲೆನ್ಸರುಗಳನ್ನು ಸುಟ್ಟು ಕೆರೆಸಿದ. ಟ್ಯಾಂಕಿನ ಒಳಗಿನ ತುಕ್ಕನ್ನು ತೊಳೆಸಿದ. ಅದಕ್ಕೆ ಈಗ ಇನ್ನೊಂದು ಕಾರಣವೂ ಸೇರಿದೆ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲಿನಷ್ಟು ಇಥನಾಲ್ ಬೆರೆಸುವ ಪದ್ಧತಿ ಬಂದಿದೆ. ಇಥನಾಲ್ ನೀರನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರನ್ನು ಉಬ್ಬಿಸುತ್ತದೆ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಆ ಪೆಟ್ರೋಲನ್ನು ಬಿಡಬಾರದು. ಪೆಟ್ರೋಲಿನ ಕೊಳವೆಯನ್ನು ಇಥನಾಲ್ ತಾಳುವ ರಬ್ಬರಿಗೆ ಬದಲಾಯಿಸಬೇಕು. ಆ ಇಥನಾಲಿಗೆ ಒಂದು ಮೂಲ ಕಬ್ಬಿನ ಕಾಕಂಬಿ. ಕಬ್ಬನ್ನು ನೋಡುತ್ತ ತಿರುಗಿದ ಗಾಡಿಯ ಹೊಟ್ಟೆಗೆ ಕೊನೆಗೆ ಕಬ್ಬೇ ಬಂದು ಸೇರಿತು.

ಈಗ ಆ ಜಾವಾ ಮಾಸಿದ ಮರೂನ್ ಬಣ್ಣದಲ್ಲಿ, ಎಂ.ವೈ. ಅಕ್ಷರಗಳಿಂದ ಆರಂಭವಾಗುವ ಮೈಸೂರು ರಾಜ್ಯದ ಕಾಲದ ಸಂಖ್ಯೆಯೊಡನೆ ಓಡಾಡುತ್ತಿದೆ. ಬೆಂಗಳೂರು ಮೈಸೂರು ಹೊಸ ಹೆದ್ದಾರಿಯ ಮುಖ್ಯ ಪಥಗಳಲ್ಲಿ ೨೦೨೩ರ ಆಗಸ್ಟ್ ೧ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಆದ್ದರಿಂದ ಅದು ಪಕ್ಕದ ಸರ್ವಿಸ್ ರಸ್ತೆಯಲ್ಲಿ, ಟ್ರಾಕ್ಟರುಗಳ ಜೊತೆಯಲ್ಲಿ, ಅಂಗಡಿಸಾಲುಗಳನ್ನು ಹಾದು ಮದ್ದೂರಿಗೆ ಹೋಗುತ್ತದೆ. ಅಂತಹ ಗಾಡಿಗೆ ಅದೇ ತಕ್ಕ ರಸ್ತೆ. ವೇಗ ಎಷ್ಟೆಂದು ಕೇಳಿದರೆ ತರುಣನು ಹೇಳಲಾರ. ವೇಗಮಾಪಕದ ಕೇಬಲ್ಲು ಸಿಕ್ಕಿದೆ, ಅದನ್ನು ತಿರುಗಿಸುವ ಪುಟ್ಟ ಹಲ್ಲುಗಾಲಿ ಸಿಕ್ಕಿಲ್ಲ. ಪ್ರತಿ ತಿಂಗಳ ಎರಡನೆಯ ಶನಿವಾರ ಮೈಸೂರಿಗೆ ಹೋಗಿ ನಾಲ್ಕಾರು ಹಳೆಯ ಅಂಗಡಿಗಳಲ್ಲಿ ವಿಚಾರಿಸಿಕೊಂಡು ಬರುತ್ತಾನೆ. ಕಳೆದ ಬಾರಿ ಒಬ್ಬರು, "ಮುಂದಿನ ತಿಂಗಳು ಬನ್ನಿ, ಒಂದು ಮೂಟೆ ಬರೋದಿದೆ" ಎಂದಿದ್ದಾರೆ.